ಜಿಂಕೆ ಬೇಟೆಗೆ ಮುನ್ನ ರೈಫಲ್ ಝೀರೋ ಮಾಡುವುದು ಹೇಗೆ?

ಸ್ಕೋಪಿನ (ಬಂದೂಕಿನ ಮೇಲೆ ಕೂರಿಸುವ ಗುರಿ ನೋಡುವ ದುರ್ಬೀನು) ಅಡ್ಡಗೆರೆ ಎಲ್ಲಿ ಕೂರುತ್ತದೋ ಗುಂಡೂ ಅಲ್ಲಿಗೇ ಹೋಗುವಂತೆ ಹೊಂದಿಸುವುದಕ್ಕೆ ಝೀರೋ ಮಾಡುವುದು ಎನ್ನುತ್ತಾರೆ. ಕಳೆದ ಸೀಸನ್ನಿನಲ್ಲಿ ಸರಿ ಇತ್ತಲ್ವಾ ಎಂದು ಸುಮ್ನೆ ಹೊರಡುವವರೇ ಜಾಸ್ತಿ. ಆದರೆ ಬಂದೂಕು ಒಮ್ಮೆ ಕೆಳಗೆ ಬಿದ್ದರೆ, ತೋಟಾ ಬೇರೆಯಾದರೆ ಗುರಿ ಜರುಗಬಹುದು. ಅದರ ನೋವು ಅನುಭವಿಸುವುದು ಗಾಯಗೊಂಡು ಓಡಿಹೋದ ಜಿಂಕೆ.

ಈ ಕೆಲಸಕ್ಕೆ ಶೂಟಿಂಗ್ ರೇಂಜ್ ಬೇಕು. ಗುರಿಯ ಹಿಂದೆ ಗುಂಡು ತಡೆಯುವ ಮಣ್ಣಿನ ದಿಬ್ಬ ಇರಬೇಕು. ಕಿವಿಗೂ ಕಣ್ಣಿಗೂ ರಕ್ಷಣೆ ಹಾಕಿಕೊಳ್ಳಿ. ಬೇಟೆಗೆ ಯಾವ ತೋಟಾ ಒಯ್ಯುತ್ತೀರೋ ಅದನ್ನೇ ತನ್ನಿ. ಅಗ್ಗದ ತೋಟಾದಲ್ಲಿ ಝೀರೋ ಮಾಡಿ, ಬೇಟೆಯಲ್ಲಿ ದುಬಾರಿಯದು ಹಾರಿಸಿದರೆ ಮಾಡಿದ್ದೆಲ್ಲ ದಂಡ.

ಮೊದಲು ಸ್ಕೋಪಿನ ಸ್ಕ್ರೂಗಳು ಸಡಿಲವಾಗಿವೆಯೇ ನೋಡಿ. ಆಮೇಲೆ ಬಂದೂಕು ಖಾಲಿ ಇದೆ ಎಂದು ಎರಡು ಸಲ ಖಚಿತಪಡಿಸಿಕೊಂಡು ಬೋಲ್ಟ್ (ನಳಿಕೆಯ ಹಿಂಬದಿ ಮುಚ್ಚುವ ಲೋಹದ ಭಾಗ) ತೆಗೆಯಿರಿ. ಬಂದೂಕನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಇಡಿ. ಚೀಲ ಮುಂದಿನ ಮರದ ಹಿಡಿಯ ಕೆಳಗಿರಲಿ, ನಳಿಕೆಗೆ ತಾಗಬಾರದು. ಹಿಂದಿನಿಂದ ನಳಿಕೆಯೊಳಗೆ ನೋಡಿ, 25 ಗಜ ದೂರದ ಗುರಿಯನ್ನು ನಡುಮಧ್ಯಕ್ಕೆ ತನ್ನಿ. ಬಂದೂಕು ಕದಲಿಸದೆ, ಸ್ಕೋಪಿನ ಮೇಲಿನ ತಿರುಪುಗಳನ್ನು ತಿರುಗಿಸಿ ಅಡ್ಡಗೆರೆಯನ್ನೂ ಅದೇ ಗುರಿಗೆ ತನ್ನಿ. ಬೋಲ್ಟ್ ತೆಗೆಯಲಾಗದ ಬಂದೂಕಾದರೆ ಇದಕ್ಕೆಂದೇ ಲೇಸರ್ ಉಪಕರಣ ಸಿಗುತ್ತದೆ.

ಈಗ ಬೋಲ್ಟ್ ಹಾಕಿ, 25 ಗಜದಿಂದ ಒಂದು ಗುಂಡು ಹಾರಿಸಿ. ಹೆಚ್ಚಿನ ಬೇಟೆ ಸ್ಕೋಪುಗಳಲ್ಲಿ ತಿರುಪನ್ನು ಒಂದು ಕ್ಲಿಕ್ ತಿರುಗಿಸಿದರೆ ಗುಂಡು 100 ಗಜದಲ್ಲಿ ಸುಮಾರು ಕಾಲು ಇಂಚು ಸರಿಯುತ್ತದೆ. 25 ಗಜದಲ್ಲಿ ಅದು ಇಂಚಿನ ಹದಿನಾರನೇ ಒಂದು ಪಾಲು ಮಾತ್ರ. ಅಂದರೆ ಇಲ್ಲಿ ಗುಂಡು 2 ಇಂಚು ಪಕ್ಕಕ್ಕೆ ಬಿದ್ದಿದ್ದರೆ 32 ಕ್ಲಿಕ್ ತಿರುಗಿಸಬೇಕು. ತಿರುಪಿನ ಮೇಲಿನ ಬಾಣ ತೋರಿಸುವುದು ಗುಂಡು ಯಾವ ಕಡೆ ಸರಿಯುತ್ತದೆ ಎಂಬುದನ್ನು. ಇಲ್ಲಿ ಗೊಂದಲ ಮಾಡಿಕೊಂಡು ಉಲ್ಟಾ ತಿರುಗಿಸುವವರು ಬಹಳ.

ನಿಜವಾದ ಕೆಲಸ 100 ಗಜದಲ್ಲಿ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಟ್ರಿಗರನ್ನು ಮೆಲ್ಲಗೆ ಒತ್ತಿ. ಹೀಗೆ ಮೂರು ಗುಂಡು ಹಾರಿಸುವ ತನಕ ತಿರುಪು ಮುಟ್ಟಬೇಡಿ. ಒಂದೊಂದು ಗುಂಡಿಗೂ ತಿರುಗಿಸುತ್ತಾ ಹೋದರೆ ಪೆಟ್ಟಿಗೆ ಖಾಲಿಯಾದರೂ ಝೀರೋ ಆಗುವುದಿಲ್ಲ. ಮೂರು ತೂತುಗಳ ನಡುಬಿಂದು ಹಿಡಿದು, ಅಲ್ಲಿಂದ ಗುರಿಯ ನಡುವಿಗೆ ಎಷ್ಟು ಇಂಚು ಎಂದು ಅಳೆಯಿರಿ. ಇಂಚಿಗೆ 4 ಕ್ಲಿಕ್. ನಳಿಕೆ ತಣ್ಣಗಾಗಲು ಬಿಟ್ಟು ಮತ್ತೆ ಮೂರು ಹಾರಿಸಿ. ಕಾಯುವುದು ಬೇಜಾರು, ಆದರೆ ಕಾದ ನಳಿಕೆ ಗುಂಡನ್ನು ಬೇರೆ ಕಡೆ ಎಸೆಯಬಹುದು.

ತೂತುಗಳು ಅಂಗೈಯಗಲ ಚದುರಿದ್ದರೆ ತಿರುಪಿನಿಂದ ಏನೂ ಆಗದು. ಸ್ಕ್ರೂ, ತೋಟಾ, ಇಲ್ಲವೇ ನಿಮ್ಮ ಕೈ, ಮೂರರಲ್ಲೊಂದು ಕಾರಣ.

100 ಗಜದಲ್ಲಿ ನಡುವಿಗೇ ಬೀಳಿಸಬೇಕೋ ಸ್ವಲ್ಪ ಮೇಲಕ್ಕೋ? ದಟ್ಟ ಕಾಡಿನಲ್ಲಿ ಹತ್ತಿರದಿಂದ ಹೊಡೆಯುವವರಿಗೆ ನಡುವೇ ಸಾಕು. ಬಯಲಿನಲ್ಲಿ ದೂರ ಹೊಡೆಯುವವರು ಒಂದೂವರೆ, ಎರಡು ಇಂಚು ಮೇಲಿಡುತ್ತಾರೆ. ಆಗ .308ರಂಥ ತೋಟಾದಲ್ಲಿ ಗುಂಡು ಸುಮಾರು 200 ಗಜದ ಹೊತ್ತಿಗೆ ಅಡ್ಡಗೆರೆ ಇಟ್ಟ ಜಾಗಕ್ಕೇ ಇಳಿಯುತ್ತದೆ.

ಕೊನೆಗೆ ಇನ್ನೊಂದು ದಿನ ಬಂದು, ತಣ್ಣಗಿನ ನಳಿಕೆಯಿಂದ ಒಂದೇ ಗುಂಡು ಹಾರಿಸಿ ನೋಡಿ. ಬೇಟೆಯಲ್ಲಿ ಸಿಗುವುದು ಅಂಥ ಮೊದಲ ಗುಂಡು ತಾನೇ. ಅದು ಸರಿಯಾದ ಜಾಗಕ್ಕೆ ಬಿದ್ದರೆ ಬೇಟೆ ಮುಗಿಯುವ ತನಕ ನಳಿಕೆಗೆ ಎಣ್ಣೆ ಹಾಕಬೇಡಿ. ಎಣ್ಣೆ ಉಳಿದ ನಳಿಕೆಯಲ್ಲಿ ಮೊದಲ ಗುಂಡು ದಾರಿ ತಪ್ಪುವುದುಂಟು.