ಒಂದೇ ಪದ, ಎರಡು ಅರ್ಥ: ಕೆರೆ ನೀರಿನ ಜೀವಿಯ ಜೀನ್ ಓದೋಣ ಬನ್ನಿ

ಊಟಕ್ಕೆ ಕೂತಾಗ ‘ಸಾಕು’ ಅಂದರೆ ಬಡಿಸುವವರು ಕೈ ನಿಲ್ಲಿಸುತ್ತಾರೆ. ‘ನಾಯಿ ಸಾಕು’ ಅಂದಾಗ ಅದೇ ಪದದ ಅರ್ಥ ಬೇರೆ. ನಮ್ಮ ಕೆರೆಗಳಲ್ಲಿ ಈಜುವ ಪ್ಯಾರಾಮೀಸಿಯಂ ಎಂಬ ಒಂಟಿ ಕೋಶದ ಜೀವಿಯೂ ಹೀಗೆಯೇ. ಜೀನ್ ಅಂದರೆ ಪ್ರೋಟೀನ್ ಕಟ್ಟಲು ಡಿಎನ್‌ಎಯಲ್ಲಿ ಬರೆದ ಸೂಚನೆ. ಅದನ್ನು ಓದುವಾಗ ನಮ್ಮ ಕೋಶ ‘ಸಾಕು’ ಎಂದು ನಿಲ್ಲಿಸುವ ಕಡೆ ಪ್ಯಾರಾಮೀಸಿಯಂ ಮುಂದೆ ಓದುತ್ತದೆ. ಇದನ್ನು ಮನೆಯಲ್ಲೇ ನೋಡಬಹುದು. ಒಂದು ವಾರ ಸಾಕು.

ಮೊದಲು ಜೀವಿಯನ್ನು ಬೆಳೆಸೋಣ. ಭತ್ತದ್ದೋ ರಾಗಿಯದ್ದೋ ಒಂದು ಹಿಡಿ ಒಣ ಹುಲ್ಲನ್ನು ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಪೂರ್ತಿ ಆರಲು ಬಿಡಿ. ಅದಕ್ಕೆ ಒಂದು ಲೋಟ ಕೆರೆ ನೀರು ಸೇರಿಸಿ. ಗಿಡಗಳಿರುವ ದಡದ ನೀರು ಒಳ್ಳೆಯದು. ಬೆಳ್ಳಂದೂರು, ವರ್ತೂರು ಕಡೆಯ ನೊರೆ ನೀರು ಬೇಡ. ನಲ್ಲಿಯ ಕಾವೇರಿ ನೀರನ್ನೂ ನೇರವಾಗಿ ಸುರಿಯಬೇಡಿ, ಅದರಲ್ಲಿ ಕ್ಲೋರಿನ್ ಇರುತ್ತದೆ. ಬಾಯಿ ಸಡಿಲವಾಗಿ ಮುಚ್ಚಿ, ಬಿಸಿಲು ಬೀಳದ ಕಡೆ ಇಡಿ. ಮುಟ್ಟಿದಾಗಲೆಲ್ಲ ಸೋಪು ಹಾಕಿ ಕೈ ತೊಳೆಯಿರಿ.

ನಾಲ್ಕೈದು ದಿನ ಕಾಯಬೇಕು. ಅಷ್ಟರಲ್ಲಿ ಪೆನ್ನು, ಹಾಳೆ ತೆಗೆದುಕೊಳ್ಳಿ. ಡಿಎನ್‌ಎಯಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಕೋಶ ಮೂರು ಮೂರು ಅಕ್ಷರ ಕೂಡಿಸಿ ಓದುವುದರಿಂದ ಒಟ್ಟು 64 ಪದ. 61 ಪದ ಅಮೈನೋ ಆಮ್ಲಗಳಿಗೆ, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳಿಗೆ. ಟಿಎಎ, ಟಿಎಜಿ, ಟಿಜಿಎ ಮಾತ್ರ ‘ಪ್ರೋಟೀನ್ ಮುಗಿಯಿತು’ ಎನ್ನುತ್ತವೆ. ಈ ನಿಘಂಟನ್ನು ಬಿಡಿಸುವ ಕೆಲಸಕ್ಕೆ 1968ರಲ್ಲಿ ಖೊರಾನಾ, ನಿರೆನ್‌ಬರ್ಗ್, ಹಾಲಿ ಅವರಿಗೆ ನೊಬೆಲ್ ಬಂತು.

ಈಗ ಇದನ್ನು ಬರೆಯಿರಿ: ಎಟಿಜಿ ಸಿಎಎ ಟಿಎಎ ಜಿಜಿಟಿ ಟಿಎಜಿ ಎಎಎ ಟಿಜಿಎ. ನಮ್ಮ ನಿಘಂಟಿನಲ್ಲಿ ಮೆಥಿಯೊನಿನ್, ಗ್ಲುಟಮಿನ್ ಎಂಬ ಎರಡು ಅಮೈನೋ ಆಮ್ಲ, ಅಲ್ಲಿಗೆ ಮುಗಿಯಿತು. ಪ್ಯಾರಾಮೀಸಿಯಂ ಮತ್ತು ಅದರ ನೆಂಟ ಟೆಟ್ರಾಹೈಮಿನಾ ಟಿಎಎ, ಟಿಎಜಿ ಎರಡನ್ನೂ ಗ್ಲುಟಮಿನ್ ಎಂದು ಓದುತ್ತವೆ. ಆಗ ಮೆಥಿಯೊನಿನ್, ಗ್ಲುಟಮಿನ್, ಗ್ಲುಟಮಿನ್, ಗ್ಲೈಸಿನ್, ಗ್ಲುಟಮಿನ್, ಲೈಸಿನ್ ಎಂದು ಸಾಗಿ ಟಿಜಿಎ ಬಳಿ ಮಾತ್ರ ನಿಲ್ಲುತ್ತದೆ. 1985ರಲ್ಲಿ ಇದು ಗೊತ್ತಾಯಿತು. ಆ ಪದಗಳಿಗೆ ಗ್ಲುಟಮಿನ್ ತಂದುಕೊಡುವ ಟಿಆರ್‌ಎನ್‌ಎ ಎಂಬ ಅಣು ಇವುಗಳ ಬಳಿ ಇದೆ. ‘ನಿಲ್ಲಿಸು’ ಎಂಬುದನ್ನು ಗುರುತಿಸುವ ಪ್ರೋಟೀನೂ ಬದಲಾಗಿದ್ದು, ಈಗ ಟಿಜಿಎಗೆ ಮಾತ್ರ ಓಗೊಡುತ್ತದೆ.

ಕಾಂಡಿಲೊಸ್ಟೋಮಾ ಎಂಬ ಇನ್ನೊಂದು ಜೀವಿ ನನಗೆ ಎಲ್ಲಕ್ಕಿಂತ ಇಷ್ಟ. ಅದಕ್ಕೆ ಮೂರೂ ಪದಗಳಿಗೆ ಎರಡೆರಡು ಅರ್ಥ. ಜೀನ್‌ನ ಸಂದೇಶದ ನಡುವೆ ಬಂದರೆ ಅಮೈನೋ ಆಮ್ಲ, ಕೊನೆಯಲ್ಲಿ ಬಂದರೆ ‘ನಿಲ್ಲಿಸು’. 2016ರಲ್ಲಿ ಇದು ಬೆಳಕಿಗೆ ಬಂತು. ನಮ್ಮ ‘ಸಾಕು’ ಕೂಡ ಸಂದರ್ಭ ನೋಡಿಯೇ ಅರ್ಥವಾಗೋದು, ಅಲ್ವಾ?

ಇನ್ನು ಕಂಪ್ಯೂಟರ್. ಜೀನ್‌ಗಳ ಮಾಹಿತಿ ಕೂಡಿಟ್ಟಿರುವ ಅಮೆರಿಕದ ಎನ್‌ಸಿಬಿಐ ತಾಣ ಎಲ್ಲರಿಗೂ ಉಚಿತ. ಅಲ್ಲಿ ನ್ಯೂಕ್ಲಿಯೊಟೈಡ್ ವಿಭಾಗದಲ್ಲಿ ‘ಟೆಟ್ರಾಹೈಮಿನಾ ಥರ್ಮೊಫಿಲಾ’ ಎಂದು ಇಂಗ್ಲಿಷಿನಲ್ಲಿ ಹುಡುಕಿ, ಪ್ರೋಟೀನ್ ಮಾಡುವ ಒಂದು ಉದ್ದದ ಎಂಆರ್‌ಎನ್‌ಎ (ಜೀನ್‌ನಿಂದ ನಕಲಾದ ಸಂದೇಶ) ಆರಿಸಿ, ಅದರ ಅಕ್ಷರಗಳನ್ನು ಕಾಪಿ ಮಾಡಿ. ನಡುವೆ ‘ನಿಲ್ಲಿಸು’ ಇಲ್ಲದೆ ಓದಬಹುದಾದ ಭಾಗಗಳನ್ನು ಹುಡುಕಿಕೊಡುವ, ಅದೇ ತಾಣದ ಓಆರ್‌ಎಫ್ ಫೈಂಡರ್‌ನಲ್ಲಿ ಪೇಸ್ಟ್ ಮಾಡಿ. ಮೊದಲು ಜೆನೆಟಿಕ್ ಕೋಡ್ 1, ಅಂದರೆ ನಮ್ಮ ನಿಘಂಟು, ಇಟ್ಟು ಓಡಿಸಿ. ಜೀನ್ ತುಂಡು ತುಂಡಾಗಿ ಕಾಣುತ್ತದೆ. ಆಮೇಲೆ ಟೆಟ್ರಾಹೈಮಿನಾದ ನಿಘಂಟಾದ ಕೋಡ್ 6ಕ್ಕೆ ಬದಲಿಸಿ. ಅದೇ ಅಕ್ಷರಗಳಲ್ಲಿ ಈಗ ಉದ್ದನೆಯ ಒಂದೇ ಪಟ್ಟಿ! ಮೊದಲ ಸಲ ನಾನು ಕೋಡ್ ಬದಲಿಸಲು ಮರೆತು, ಜೀನೇ ಕೆಟ್ಟಿದೆ ಎಂದುಕೊಂಡು ಇಡೀ ಸಂಜೆ ಬೇರೆ ಜೀನ್‌ಗಳನ್ನು ಹುಡುಕಿದ್ದೆ. ಆದ್ದರಿಂದ ಮೊದಲು ಆ ಸಂಖ್ಯೆ ನೋಡಿಕೊಳ್ಳಿ.

ಕೋಡ್ 6ರಲ್ಲಿ ಕೆಲವು ಪಾಚಿಗಳೂ ಇವೆ. ಕೊಡೆಯಾಕಾರದ ಅಸಿಟಾಬುಲೇರಿಯಾ ಬೆರಳುದ್ದ ಬೆಳೆದರೂ ಒಂದೇ ಕೋಶ. ಅದು ಸಮುದ್ರದ್ದು, ಕೆರೆಯಲ್ಲಿ ಸಿಗುವುದಿಲ್ಲ.

ಹುಲ್ಲಿನ ನೀರಿನ ಮೇಲೆ ತೆಳುವಾದ ಕೆನೆ ಕಟ್ಟಿದಾಗ ಅದರ ಅಡಿಯಿಂದ ಒಂದು ಹನಿ ತೆಗೆಯಿರಿ. ಸ್ಲೈಡ್ ಮೇಲೆ ಎರಡೆಳೆ ಹತ್ತಿ ಇಟ್ಟು ಹನಿ ಬಿಡಿ, ಓಡುವವು ನಿಧಾನವಾಗುತ್ತವೆ. 100 ಪಟ್ಟು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕ ಸಾಕು. ಚಪ್ಪಲಿಯ ಅಡಿಯಂತೆ ಕಾಣುವುದೇ ಪ್ಯಾರಾಮೀಸಿಯಂ. ಕೆರೆ ನೀರಿನದೇ ಇನ್ನೊಂದು ಹನಿಯಲ್ಲಿ ನಾಲ್ಕು ಹಸಿರು ಕೋಶ ಸಾಲಾಗಿ ಅಂಟಿಕೊಂಡಿದ್ದರೆ ಅದು ಸೆನೆಡೆಸ್ಮಸ್ ಪಾಚಿ ಇರಬಹುದು. ಅದರ ಒಂದು ಜಾತಿಯ ಮೈಟೊಕಾಂಡ್ರಿಯಾದಲ್ಲಿ (ಕೋಶಕ್ಕೆ ಶಕ್ತಿ ಕೊಡುವ, ತನ್ನದೇ ಡಿಎನ್‌ಎ ಇರುವ ಭಾಗ) ಟಿಎಜಿ ಅಂದರೆ ಲ್ಯೂಸಿನ್, ಟಿಸಿಎ ಅಂದರೆ ನಿಲ್ಲಿಸು. ಅದನ್ನು ಓದಲು ಕೋಡ್ 22 ಆರಿಸಿ.