ಆನೆಕಾಲಿನ ಆರೈಕೆ: ಮೊದಲು ನೋಡಬೇಕಾದ್ದು ಬೆರಳ ಸಂದಿ

ಆನೆಕಾಲಿನವರ ಆರೈಕೆಗೆ ಕೂತಾಗ ನಾನು ಮೊದಲು ಕೈಹಾಕುವುದು ಬೆರಳ ಸಂದಿಗೆ. ಕಾಲನ್ನು ಬೆಳಕಿಗೆ ತಿರುಗಿಸಿ, ಕಿರುಬೆರಳನ್ನೂ ಅದರ ಪಕ್ಕದ ಬೆರಳನ್ನೂ ಮೆಲ್ಲಗೆ ಅಗಲಿಸಿ ನೋಡುತ್ತೇನೆ. ಅಲ್ಲಿ ಚರ್ಮ ನೆಂದು ಬೆಳ್ಳಗಾಗಿ, ಸಣ್ಣದೊಂದು ಸೀಳು ಬಿಟ್ಟಿದ್ದರೆ ಪದೇಪದೇ ಬರುವ ಚಳಿಜ್ವರದ ಮೂಲ ಹೆಚ್ಚಾಗಿ ಅದೇ. ಮನೆಯವರ ಕಣ್ಣೆಲ್ಲ ಮೀನಖಂಡದ ಬಾವಿನ ಮೇಲಿರುತ್ತದೆ. ಈ ಸೀಳನ್ನು ಯಾರೂ ನೋಡಿರುವುದಿಲ್ಲ.

ಇಷ್ಟು ಸಣ್ಣ ಸೀಳು ಅಷ್ಟು ದೊಡ್ಡ ಕಾಟ ಕೊಡುವುದೇಕೆ ಎಂದು ತಿಳಿಯಲು ದುಗ್ಧರಸದ (ಲಿಂಫ್ ಎಂಬ ದ್ರವದ) ದಾರಿ ಗೊತ್ತಿರಬೇಕು. ರಕ್ತದ ಕಿರುನಾಳಗಳಿಂದ ಒಸರಿದ ನೀರಿನಲ್ಲಿ ಹೆಚ್ಚಿನ ಪಾಲು, ಸೋರಿದ ಪ್ರೋಟೀನು, ಒಳನುಗ್ಗಿದ ರೋಗಾಣು ಎಲ್ಲವನ್ನೂ ಚರ್ಮದಡಿಯ ದುಗ್ಧನಾಳಗಳು ಹೀರಿಕೊಂಡು ಮೇಲಕ್ಕೆ ಸಾಗಿಸುತ್ತವೆ. ಈ ನಾಳಗಳನ್ನು ಒತ್ತಿ ನಡೆಸಲು ಹೃದಯವಿಲ್ಲ. ನಾಳದ ಗೋಡೆ ತಾನೇ ಸಂಕುಚಿಸುತ್ತದೆ, ನಡೆದಾಡುವಾಗ ಮೀನಖಂಡದ ಸ್ನಾಯು ಒತ್ತುತ್ತದೆ, ಒಳಗಿನ ಕವಾಟಗಳು ದ್ರವ ಹಿಂದಕ್ಕೆ ಜಾರದಂತೆ ತಡೆಯುತ್ತವೆ. ಬೆರಳುಗಳು ಮತ್ತು ಪಾದದ ಒಳಬದಿಯ ದ್ರವ ತೊಡೆಸಂದಿನ ದುಗ್ಧಗ್ರಂಥಿಗಳಿಗೆ ಹೋಗುತ್ತದೆ. ಹಿಮ್ಮಡಿ ಮತ್ತು ಪಾದದ ಹೊರಬದಿಯದು ಮೊದಲು ಮಂಡಿಯ ಹಿಂದಿನ ಗ್ರಂಥಿಗೆ.

ಆರೋಗ್ಯವಂತರ ಕಾಲಿಗೆ ಜಾಲಿಮುಳ್ಳು ಚುಚ್ಚಿತು ಎನ್ನೋಣ. ಒಳಹೊಕ್ಕ ರೋಗಾಣುವಿನ ಚೂರುಗಳನ್ನು ಹಿಡಿದ ಕಾವಲು ಕೋಶಗಳು ದುಗ್ಧನಾಳದಲ್ಲೇ ಗ್ರಂಥಿಗೆ ಬರುತ್ತವೆ. ತೇಲಿಬಂದ ರೋಗಾಣುಗಳನ್ನು ಗ್ರಂಥಿಯ ಅಂಚಿನಲ್ಲೇ ಭಕ್ಷಕ ಕೋಶಗಳು ನುಂಗುತ್ತವೆ. ಒಳಗೆ ತುಂಬಿಕೊಂಡಿರುವ ಲಿಂಫೋಸೈಟು ಎಂಬ ಬಿಳಿ ರಕ್ತಕಣಗಳ ಪೈಕಿ ಆ ರೋಗಾಣುವನ್ನು ಗುರುತಿಸಬಲ್ಲವು ಮಾತ್ರ ಎಚ್ಚೆತ್ತು, ಕೆಲವೇ ದಿನಗಳಲ್ಲಿ ಸಾವಿರಾರಾಗಿ ಹೆಚ್ಚುತ್ತವೆ. ಅವುಗಳಲ್ಲಿ ಕೆಲವು ಪ್ರತಿಕಾಯಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ತೊಡೆಸಂದಿನಲ್ಲಿ ಗಡ್ಡೆ ಕಟ್ಟಿ ನೋಯುವುದು ಈ ಕೆಲಸ ನಡೆದಿರುವುದರ ಗುರುತು. ಆ ಗಡ್ಡೆಯನ್ನು ತಿಕ್ಕಬಾರದು, ಶಾಖ ಕೊಡಬಾರದು. ಕಾಲಿನ ಕೆಳಗೆಲ್ಲಿ ಗಾಯವಿದೆ ಎಂದು ಹುಡುಕಬೇಕು. ಗಾಯ ಮಾಗಿದ ಮೇಲೂ ಗಡ್ಡೆ ಹಾಗೇ ಉಳಿದರೆ, ಗಟ್ಟಿಯಾಗಿ ಬೆಳೆಯುತ್ತಲೇ ಹೋದರೆ ವೈದ್ಯರು ನೋಡಲೇಬೇಕು.

ಆನೆಕಾಲಿನಲ್ಲಿ ಕೆಡುವುದು ಈ ವ್ಯವಸ್ಥೆಯೇ. ಕ್ಯೂಲೆಕ್ಸ್ ಸೊಳ್ಳೆಯಿಂದ ಬಂದ ವುಚೆರೇರಿಯಾ ಹುಳುಗಳು ದುಗ್ಧನಾಳದೊಳಗೆ ವರ್ಷಗಟ್ಟಲೆ ಬದುಕುತ್ತವೆ. ನಾಳ ಹಿಗ್ಗಿ ಕವಾಟಗಳ ಅಂಚು ಒಂದಕ್ಕೊಂದು ಮುಟ್ಟದಾಗುತ್ತದೆ, ದ್ರವ ಕೆಳಗೇ ನಿಲ್ಲುತ್ತದೆ. ನೀರು ನಿಂತದ್ದು ಕಣ್ಣಿಗೆ ಕಾಣುತ್ತದೆ. ಕಾಣದ ನಷ್ಟ ಇನ್ನೊಂದಿದೆ: ಒಳಬಂದ ರೋಗಾಣು ಹೊರಸಾಗುವುದಿಲ್ಲ, ಅದರ ಸುದ್ದಿ ಗ್ರಂಥಿಗೆ ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ. ಹೂಳು ತುಂಬಿದ ಕಾಲುವೆಯಲ್ಲಿ ನೀರು ಕೊಳೆತ ಹಾಗೆ, ಪ್ರೋಟೀನು ತುಂಬಿದ ಆ ದ್ರವದಲ್ಲಿ ಸ್ಟ್ರೆಪ್ಟೊಕಾಕಸ್‌ನಂಥ ಬ್ಯಾಕ್ಟೀರಿಯಾ ಸಲೀಸಾಗಿ ಹರಡುತ್ತದೆ. ಪ್ರತಿ ಸಲದ ಜ್ವರಕ್ಕೂ ಇನ್ನಷ್ಟು ನಾಳಗಳು ಕಲೆಗಟ್ಟಿ ಮುಚ್ಚುತ್ತವೆ, ಚರ್ಮ ದಪ್ಪವಾಗಿ ಮಡಿಕೆ ಬೀಳುತ್ತದೆ, ಮಡಿಕೆಯಲ್ಲಿ ಪಸೆ ನಿಂತು ಮತ್ತೊಂದು ಸೀಳಾಗುತ್ತದೆ. ಕಾಲನ್ನು ಆನೆಕಾಲು ಮಾಡುವುದರಲ್ಲಿ ಹುಳುವಿನಷ್ಟೇ ಪಾಲು ಈ ಜ್ವರಗಳದ್ದೂ ಇದೆ.

ಕಲಬುರಗಿ, ಯಾದಗಿರಿ, ಬೀದರ್ ಕಡೆ, ಕರಾವಳಿಯ ಕೆಲವೆಡೆ ಮನೆಮನೆಗೆ ಬಂದು ನುಂಗಿಸಿದ ಡಿಇಸಿ (ಡೈಇಥೈಲ್‌ಕಾರ್ಬಮಜೀನ್) ಮಾತ್ರೆ ರಕ್ತದಲ್ಲಿನ ಮರಿಹುಳುಗಳನ್ನು ಕೊಂದು ರೋಗ ಹರಡದಂತೆ ತಡೆಯುತ್ತದೆ. ಆಗಲೇ ಬಾತ ಕಾಲನ್ನು ಅದು ಇಳಿಸುವುದಿಲ್ಲ. ಇದನ್ನು ಬಿಡಿಸಿ ಹೇಳದಿದ್ದರೆ ‘ಮಾತ್ರೆ ತಗೊಂಡ್ರೂ ಕಾಲು ಇಳೀಲಿಲ್ಲ’ ಎಂದು ಇಡೀ ಮನೆಯೇ ಮಾತ್ರೆ ಬಿಡುತ್ತದೆ. ಕಾಲಿಗೆ ಬೇಕಾದ ಆರೈಕೆ ಬೇರೆ, ಅದು ದಿನದ ಕೆಲಸ.

ಬೇಕಾದ್ದು ಒಂದು ಟಬ್ಬು, ಚೊಂಬು, ಸಾದಾ ಮೈಸೋಪು, ಎರಡು ಹತ್ತಿಬಟ್ಟೆ, ಕೂರಲು ಸ್ಟೂಲು. ನೀರು ತಣ್ಣಗಿರಲಿ. ಬಿಸಿನೀರು ರಕ್ತದ ಹರಿವು ಹೆಚ್ಚಿಸಿ ಬಾವನ್ನೂ ಹೆಚ್ಚಿಸುತ್ತದೆ. ಬಟ್ಟೆ ಒಗೆಯುವ ಸೋಪು, ಬ್ರಷ್ಷು, ಹಿಮ್ಮಡಿ ತಿಕ್ಕುವ ಕಲ್ಲು ಯಾವುದೂ ಬೇಡ, ಎಲ್ಲವೂ ಚರ್ಮ ಗೀರುತ್ತವೆ. ಮೊದಲು ಕೈ ತೊಳೆದುಕೊಂಡು, ಬಾವು ಶುರುವಾಗುವ ಮೇಲಿನ ಜಾಗದಿಂದ ಸೋಪಿನ ನೊರೆ ಹಚ್ಚುತ್ತ ಪಾದದ ಕಡೆ ಇಳಿಯಬೇಕು. ಮಡಿಕೆಗಳನ್ನು ಬಿಡಿಸಿ ಒಳಗೆ ತೊಳೆಯಬೇಕು. ಬೆರಳ ಸಂದಿಗೆ ತೆಳು ಬಟ್ಟೆಯನ್ನು ತೋರುಬೆರಳಿಗೆ ಸುತ್ತಿಕೊಂಡು ಒಂದೊಂದಾಗಿ ಒರೆಸಬೇಕು. ಟಬ್ಬಿನ ನೀರು ತಿಳಿಯಾಗುವವರೆಗೆ ಹೊಸ ನೀರು ಹಾಕಿ ಜಾಲಿಸಬೇಕು.

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ತೊಳೆದು ಹಾಗೇ ಎದ್ದುಬಿಡುತ್ತಾರೆ. ಸಂದಿಯಲ್ಲಿ ನೀರು ಉಳಿದರೆ ತೊಳೆಯದಿದ್ದುದಕ್ಕಿಂತ ಕಡೆ, ಶಿಲೀಂಧ್ರಕ್ಕೆ ಬೇಕಾದ್ದೇ ಪಸೆ. ಬಟ್ಟೆಯನ್ನು ಒತ್ತಿ ಒತ್ತಿ ನೀರು ಹೀರಿಸಬೇಕು, ಉಜ್ಜಬಾರದು. ಸಂದಿಯಿಂದ ತೆಗೆದ ಬಟ್ಟೆಗೆ ಪಸೆ ಅಂಟದಷ್ಟು ಒಣಗಬೇಕು. ಕೆಸರುಹುಣ್ಣು ಇದ್ದರೆ ಅಲ್ಲಿಗೆ ಶೇಕಡಾ 1ರ ಕ್ಲೋಟ್ರಿಮಜೋಲ್ ಮುಲಾಮನ್ನು ದಿನಕ್ಕೆರಡು ಬಾರಿ ತೆಳ್ಳಗೆ ಹಚ್ಚಿಸುತ್ತೇನೆ. ತುರಿಕೆ ನಿಂತ ಕೂಡಲೇ ಬಿಟ್ಟರೆ ಮರಳಿ ಬರುತ್ತದೆ, ಚರ್ಮ ಸರಿಹೋದ ಮೇಲೂ ಎರಡು ವಾರ ಹಚ್ಚಬೇಕು. ಕಾಲಿನ ಉಳಿದ ಭಾಗ ಒಣಗಿ ಬಿರಿದಿದ್ದರೆ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಆದೀತು, ಸಂದಿಗೆ ಮಾತ್ರ ಎಣ್ಣೆ ಬೇಡ.

ಕಾಲುಂಗುರದ ಮಾತು ಸೂಕ್ಷ್ಮ. ಬಾತ ಬೆರಳಿಗೆ ಉಂಗುರ ಬಿಗಿದು, ಅದರಡಿ ಕೊಳೆ ಕೂತು, ಚರ್ಮ ಕೊರೆದಿರುತ್ತದೆ. ‘ತೆಗೀರಿ’ ಎಂದರೆ ಮುತ್ತೈದೆಯರು ಒಪ್ಪುವುದಿಲ್ಲ. ‘ಅಕ್ಕಾ, ಬಾವಿಲ್ಲದ ಕಾಲಿನದು ಇರಲಿ, ಇದನ್ನು ಅಗಲ ಮಾಡಿಸಿ ಹಾಕ್ಕೊಳ್ಳಿ, ತೊಳೆಯುವಾಗ ಮಾತ್ರ ತೆಗೆದಿಡಿ’ ಎಂದರೆ ಒಪ್ಪುತ್ತಾರೆ. ಬರಿಗಾಲಲ್ಲಿ ಹೊಲಕ್ಕಿಳಿಯುವುದು ಬೇಡ. ಮುಂಭಾಗ ಅಗಲವಿದ್ದು ಪಟ್ಟಿ ಸಡಿಲಿಸಬಲ್ಲ ಚಪ್ಪಲಿ ಬೇಕು.

ಕೂತಾಗ ಕಾಲು ಇಳಿಬಿಡದೆ ಸೊಂಟದ ಮಟ್ಟಕ್ಕೆ ಎತ್ತಿಡಬೇಕು. ರಾತ್ರಿಗೆ ಪಾದ ಬರುವ ಕಡೆಯ ಮಂಚದ ಎರಡು ಕಾಲುಗಳಡಿ ಒಂದೊಂದು ಇಟ್ಟಿಗೆ ಸಾಕು. ಹೃದ್ರೋಗ ಇದ್ದವರು, ಮಲಗಿದರೆ ಉಸಿರು ಕಟ್ಟುವವರು ವೈದ್ಯರನ್ನು ಕೇಳದೆ ಹೀಗೆ ಎತ್ತಿಡಬಾರದು. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಗೋಡೆ ಹಿಡಿದು ತುದಿಗಾಲಲ್ಲಿ ಏಳುವುದು ಮೀನಖಂಡದ ಒತ್ತು ಕೊಟ್ಟು ದ್ರವವನ್ನು ಮೇಲಕ್ಕೆ ದೂಡುತ್ತವೆ. ಅಂಗಡಿಯ ಸಾದಾ ಕ್ರೇಪ್ ಬ್ಯಾಂಡೇಜನ್ನು ತಾವೇ ಬಿಗಿದುಕೊಳ್ಳುವುದು ಬೇಡ. ಮೇಲೆ ಬಿಗಿ, ಕೆಳಗೆ ಸಡಿಲ ಆದರೆ ಪಾದ ಇನ್ನಷ್ಟು ಊದುತ್ತದೆ.

ಚಳಿಜ್ವರ ಬಂದು ಕಾಲು ಕೆಂಪಾಗಿ ಕಾದಾಗ ಈ ಕಸರತ್ತು ನಿಲ್ಲಬೇಕು, ಕಾಲಿಗೆ ಬ್ಯಾಂಡೇಜು ಕಟ್ಟಿದ್ದರೆ ಅದನ್ನೂ ಬಿಚ್ಚಬೇಕು. ಮಲಗಿ ಕಾಲೆತ್ತಿಡುವುದು, ತಣ್ಣೀರ ಬಟ್ಟೆ, ಸಾಕಷ್ಟು ನೀರು, ಪ್ಯಾರಸಿಟಮಾಲ್, ಅದೇ ದಿನ ಆಸ್ಪತ್ರೆಯಲ್ಲಿ ಆಂಟಿಬಯಾಟಿಕ್. ಬರೆ ಹಾಕುವುದು, ಗೀರಿ ರಕ್ತ ಬಿಡುವುದು, ಸೊಪ್ಪು ಅರೆದು ಮೆತ್ತುವುದು ಹೊಸ ಗಾಯ ಮಾಡುತ್ತವೆ. ಮಂಪರು, ವಾಂತಿ, ಮೂತ್ರ ಕಡಿಮೆಯಾಗುವುದು, ಚರ್ಮ ಕಪ್ಪಾಗಿ ಬೊಬ್ಬೆ ಏಳುವುದು ಕಂಡರೆ ರಾತ್ರಿಯಾದರೂ ಕಾಯದೆ ದೊಡ್ಡಾಸ್ಪತ್ರೆಗೆ. ಇನ್ನೊಂದು ವ್ಯತ್ಯಾಸ ಗಮನಿಸಬೇಕು: ಬ್ಯಾಕ್ಟೀರಿಯಾದ ಕೆಂಪು ಸಾಮಾನ್ಯವಾಗಿ ಪಾದದ ಗಾಯದಿಂದ ಮೇಲಕ್ಕೆ ಹರಡುತ್ತದೆ. ಹುಳು ಸತ್ತಾಗ ಬರುವ ಉರಿಯೂತ ತೊಡೆಸಂದಿನ ಬಳಿ ಶುರುವಾಗಿ, ಹಗ್ಗದಂತೆ ಗಟ್ಟಿಯಾಗಿ ಕೆಳಕ್ಕಿಳಿಯುತ್ತದೆ, ಜ್ವರವೂ ಕಡಿಮೆ. ಈ ಎರಡನೆಯದಕ್ಕೆ ಆಂಟಿಬಯಾಟಿಕ್‌ನಿಂದ ಉಪಯೋಗವಿಲ್ಲ. ಹಾಗಾಗಿ ಕೆಂಪು ಎಲ್ಲಿಂದ ಶುರುವಾಯಿತು ಎಂಬುದನ್ನು ನೆನಪಿಟ್ಟು ವೈದ್ಯರಿಗೆ ಹೇಳಬೇಕು.

ಸುತ್ತಳತೆಯನ್ನು ತಿಂಗಳಿಗೊಮ್ಮೆ ಬೆಳಿಗ್ಗೆ ಎದ್ದ ಕೂಡಲೇ, ಹಿಮ್ಮಡಿಯಿಂದ 10, 20, 30 ಸೆಂ.ಮೀ. ಎತ್ತರದಲ್ಲಿ ಅಳೆದು ಬರೆಸುತ್ತೇನೆ. ಆದರೆ ಹೆಚ್ಚು ನೆಚ್ಚುವುದು ಜ್ವರದ ಲೆಕ್ಕವನ್ನು. ಕ್ಯಾಲೆಂಡರಿನಲ್ಲಿ ಜ್ವರ ಬಂದ ದಿನಕ್ಕೆ ಗುರುತು ಹಾಕಿಸಿದರೆ, ಆರೈಕೆ ಸರಿಯಿದ್ದ ಮನೆಗಳಲ್ಲಿ ಕಾಲಿನ ಅಳತೆ ಇಳಿಯುವ ಎಷ್ಟೋ ಮುಂಚೆ ಗುರುತುಗಳು ವಿರಳವಾಗುತ್ತವೆ. ಇಷ್ಟೆಲ್ಲ ಮಾಡಿಯೂ ಜ್ವರ ಮರುಕಳಿಸುತ್ತಿದ್ದವರಿಗೆ ವೈದ್ಯರು ಮೂರು ನಾಲ್ಕು ವಾರಕ್ಕೊಮ್ಮೆ 12 ಲಕ್ಷ ಯೂನಿಟ್ಟಿನ ಬೆಂಜಥಿನ್ ಪೆನಿಸಿಲಿನ್ ಚುಚ್ಚುಮದ್ದು ಕೊಡಬಹುದು. ಪೆನಿಸಿಲಿನ್ ಯಾವತ್ತಾದರೂ ಒಗ್ಗದೆ ಹೋಗಿದ್ದರೆ ಮೊದಲೇ ಹೇಳಿರಬೇಕು. ಚುಚ್ಚುಮದ್ದು ನಡೆಯುತ್ತಿರುವಾಗಲೂ ದಿನದ ತೊಳೆತ, ಒಣಗಿಸುವುದು, ಮುಲಾಮು ತಪ್ಪಬಾರದು.