ಬಂಡೆ ಎಲ್ಲಿಗೆ ಹೋಗುತ್ತೆ ಅಂದುಕೊಂಡಿದ್ದೆ

ಒಂದು ಶನಿವಾರ ಬೆಳಗ್ಗೆ ಮಾಗಡಿ ಕಡೆಯ ನಮ್ಮಮ್ಮನ ಊರಿಗೆ ಹೋಗಿ, ಊರಾಚೆಯ ಬಂಡೆ ಹತ್ತಿದೆ. ಅರ್ಧ ಹತ್ತಿದ ಮೇಲೆ ಎಡಗಡೆ ಒಂದು ಕಲ್ಲಿನ ಪದರ ಇರಬೇಕು. ಈರುಳ್ಳಿ ಸಿಪ್ಪೆ ಎದ್ದ ಹಾಗೆ ಬಂಡೆಯಿಂದ ಬಿಟ್ಟುಕೊಂಡಿದ್ದ ಪದರ. ಅಂಚಿನ ಕೆಳಗೆ ಕೈ ತೂರಿಸುವಷ್ಟು ಸಂದು ಇತ್ತು. ಈಗ ಅದೇ ಇಲ್ಲ. ಆ ಜಾಗದಲ್ಲಿ ಹೊಸ ಕಲ್ಲಿನ ಬಿಳುಪು, ಅಲ್ಲಲ್ಲಿ ಮಸಿ, ಅಂಚಿನುದ್ದಕ್ಕೂ ಹೆಬ್ಬೆರಳು ಗಾತ್ರದ ಅರ್ಧ ಗುಳಿಗಳ ಸಾಲು. ಯಾರೋ ಬೆಂಕಿ ಹಾಕಿ ಪದರ ಎಬ್ಬಿಸಿ, ಉಳಿ ಹೊಡೆದು ಸೀಳಿ, ಚಪ್ಪಡಿ ಮಾಡಿಕೊಂಡು ಹೋಗಿದ್ದರು.

ನನ್ನ ಅರ್ತ್‌ಕ್ಯಾಶ್ ಪೂರ್ತಿ ಆ ಪದರದ ಮೇಲೇ ನಿಂತಿತ್ತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಜಿಯೋಕ್ಯಾಶಿಂಗ್ ಅಂದರೆ ಜಿಪಿಎಸ್ ಹಿಡಿದು ಆಡುವ ಹುಡುಕಾಟ. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್‌ಗೆ ಬೇಕಂತಲೇ ಸೇರಿಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಮೇ 3ಕ್ಕೆ ಆರೆಗಾನ್‌ನಲ್ಲಿ ಒಬ್ಬರು ಕಾಡಿನಲ್ಲಿ ಒಂದು ಬಕೆಟ್ ಇಟ್ಟು, ಅದು ಎಲ್ಲಿದೆ ಅಂತ ಅಕ್ಷಾಂಶ ರೇಖಾಂಶ ಹಾಕಿ, ಹುಡುಕಿ ನೋಡೋಣ ಅಂದರು. ಅಲ್ಲಿಂದ ಶುರು. ಅರ್ತ್‌ಕ್ಯಾಶ್ ಇದರಲ್ಲೇ ಒಂದು ಬಗೆ, ಆದರೆ ಡಬ್ಬಿ ಇರಲ್ಲ. ಜಾಗಕ್ಕೆ ಹೋಗಬೇಕು, ಅಲ್ಲಿನ ಕಲ್ಲು ಮಣ್ಣಿನ ಬಗ್ಗೆ ಮಾಲೀಕ (ಜಾಗದ ಮಾಲೀಕನಲ್ಲ, ಆ ಕ್ಯಾಶ್ ಮಾಡಿದವನು) ಬರೆದ ಪಾಠ ಓದಬೇಕು, ಕಣ್ಣಾರೆ ನೋಡಿ ಪ್ರಶ್ನೆಗಳಿಗೆ ಉತ್ತರ ಕಳಿಸಬೇಕು. 2004ರಲ್ಲಿ ಇದನ್ನು ಶುರು ಮಾಡಿದ್ದು ಅಮೆರಿಕದ ಭೂವಿಜ್ಞಾನಿಗಳ ಸಂಘ. ಅದರ ಕಚೇರಿ ಇರುವ ಊರಿನ ಹೆಸರೂ ಬೋಲ್ಡರ್, ಅಂದರೆ ಬಂಡೆ!

ಕೆಲಸದ ಮೇಲೆ ಎರಡು ವರ್ಷ ಡೆನ್ವರ್‌ನಲ್ಲಿದ್ದಾಗ ಈ ಹುಚ್ಚು ಹತ್ತಿತು. ಅಲ್ಲಿ ರೆಡ್ ರಾಕ್ಸ್‌ನ ಓರೆಯಾಗಿ ಎದ್ದು ನಿಂತ ಕೆಂಪು ಕಲ್ಲುಗಳ ಮುಂದೆ ನಿಂತಾಗ, ಇದಕ್ಕಿಂತ ಎಂಟು ಪಟ್ಟು ಹಳೇ ಕಲ್ಲು ನಮ್ಮೂರಲ್ಲಿ ಬಿದ್ದಿದೆಯಲ್ಲ ಅನ್ನಿಸಿತು. ರಾಮನಗರ, ಸಾವನದುರ್ಗದ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಭೂವಿಜ್ಞಾನದ ಪುಸ್ತಕಗಳಲ್ಲಿ ಅದಕ್ಕೆ ಈಗಲೂ ರಾಮನಗರದ ಬ್ರಿಟಿಷರ ಕಾಲದ ಹೆಸರು: ಕ್ಲೋಸ್‌ಪೇಟೆ ಗ್ರಾನೈಟ್. ವಾಪಸ್ ಬಂದ ಮೇಲೆ ಅಮ್ಮನ ಊರಿನ ಬಂಡೆಯನ್ನೇ ಆರಿಸಿಕೊಂಡೆ. ಡಬ್ಬಿ ಇಟ್ಟರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ, ಇಲ್ಲವೇ ಬಾಂಬು ಅಂತ ಪೊಲೀಸರಿಗೆ ಫೋನ್ ಮಾಡುತ್ತಾರೆ. ಬಂಡೆ ಎಲ್ಲಿಗೆ ಹೋಗುತ್ತೆ, ಅಲ್ವಾ?

ಮೊದಲು ಜಾಗದವರ ಒಪ್ಪಿಗೆ ಬೇಕು. ಅದು ಗೋಮಾಳ. ಯಾರನ್ನು ಕೇಳಬೇಕು ಅಂತ ತಿಳಿಯೋದಕ್ಕೇ ಮೂರು ಕಚೇರಿ ಸುತ್ತಿದೆ. ಕೊನೆಗೆ ಒಬ್ಬ ಅಧಿಕಾರಿ ಅರ್ಜಿ ಓದಿ ಕನ್ನಡಕ ತೆಗೆದರು.

‘ಅಲ್ಲಿ ಏನಿಡ್ತೀರಿ?’

‘ಏನೂ ಇಡಲ್ಲ ಸಾರ್.’

‘ಏನೂ ಇಡದೇ ಇರೋಕೆ ಪರ್ಮಿಶನ್ ಯಾಕ್ರೀ?’

ಅವರ ಮಾತಲ್ಲಿ ತಪ್ಪಿರಲಿಲ್ಲ. ಅರ್ಧ ಗಂಟೆ ವಿವರಿಸಿದ ಮೇಲೆ, ‘ಕಲ್ಲು ತೆಗೆಯಲ್ಲ ತಾನೇ?’ ಅಂತ ಮೂರು ಸಲ ಕೇಳಿ ಸಹಿ ಹಾಕಿದರು. ಈಗ ನೆನೆದರೆ ನಗು ಬರುತ್ತೆ.

ಬರವಣಿಗೆ ಇನ್ನೂ ಕಷ್ಟ. ಪಾಠ ಹದಿನಾಲ್ಕು ವರ್ಷದ ಮಕ್ಕಳಿಗೆ ಅರ್ಥ ಆಗುವ ಹಾಗೆ ಇರಬೇಕು. ಕನ್ನಡದಲ್ಲಿ ಬರೆಯಲು ಕೂತಾಗ ಖುಷಿಯಾಗಿದ್ದು ನಿಜ. ಕ್ವಾರ್ಟ್ಜ್ ಅಂದರೆ ಬೆಣಚುಕಲ್ಲು, ಮೈಕಾ ಅಂದರೆ ಕಾಗೆಬಂಗಾರ. ಎಷ್ಟು ಚಂದ! ಫೆಲ್ಡ್‌ಸ್ಪಾರ್‌ಗೆ ಮಾತ್ರ ಏನೂ ಸಿಗದೆ ಹಾಗೇ ಬಿಟ್ಟೆ. ಜೊತೆಗೆ ಇಂಗ್ಲಿಷಿನಲ್ಲೂ ಬರೆದೆ. ನಮ್ಮಲ್ಲಿ ಈ ಆಟ ಆಡುವವರೇ ಕಮ್ಮಿ. ಬರುವವರಲ್ಲಿ ಹೆಚ್ಚಿನವರು ಬೆಂಗಳೂರಿಗೆ ಮೀಟಿಂಗಿಗೆ ಬಂದ ವಿದೇಶಿಯರು.

ಪರಿಶೀಲಿಸುವ ಸ್ವಯಂಸೇವಕರು ಅದನ್ನು ಎರಡು ಸಲ ವಾಪಸ್ ಕಳಿಸಿದರು. ಮೊದಲ ಸಲ ನಾನು ಊರ ದೇವರ ಕಥೆ, ಪಾಂಡವರು ಬಂದು ಹೋದ ಕಥೆ ಎಲ್ಲ ತುಂಬಿಸಿದ್ದೆ. ಕಲ್ಲಿನ ವಿಷಯ ನಾಲ್ಕೇ ಸಾಲು. ಎರಡನೇ ಸಲ ಸಿಕ್ಕಿಬಿದ್ದಿದ್ದು ಪ್ರಶ್ನೆಗಳಲ್ಲಿ. ಬಂಡೆಗೆ ಎಷ್ಟು ವಯಸ್ಸು ಅಂತ ಕೇಳಿದ್ದೆ, ಉತ್ತರ ನನ್ನ ಪಾಠದಲ್ಲೇ ಇತ್ತು. ಅಲ್ಲಿಗೆ ಹೋಗದಿದ್ದರೆ ಉತ್ತರ ಸಿಗಬಾರದು, ಅದೇ ನಿಯಮ. ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಸರಿ.

ಆಗ ಹೊಳೆದಿದ್ದು ಆ ಪದರ. ಈ ಗ್ರಾನೈಟ್ ಹುಟ್ಟಿದ್ದು ನೆಲದೊಳಗೆ ಕಿಲೋಮೀಟರುಗಟ್ಟಲೆ ಆಳದಲ್ಲಿ. ಮೇಲಿದ್ದ ಕಲ್ಲು ಮಣ್ಣೆಲ್ಲ ಕೋಟ್ಯಂತರ ವರ್ಷಗಳಲ್ಲಿ ಸವೆದು ಹೋದಾಗ ಭಾರ ಇಳಿಯುತ್ತೆ. ಬಂಡೆ ಒಂಚೂರು ಹಿಗ್ಗುತ್ತೆ. ಆಗ ಮೇಲ್ಮೈಗೆ ಸಮನಾಗಿ ಬಿರುಕು ಬಿದ್ದು ಪದರ ಪದರವಾಗಿ ಏಳುತ್ತೆ. ಮೊದಲ ಪ್ರಶ್ನೆ: ಪದರದ ಅಂಚು ಎಷ್ಟು ದಪ್ಪ, ಕೈಯಿಂದ ಅಳೆದು ಹೇಳಿ. ನನ್ನ ಅಳತೆಗೆ ಗೇಣಿಗೆ ಎರಡು ಬೆರಳು ಕಮ್ಮಿ. ಎರಡನೇದು: ಪಕ್ಕದಲ್ಲೇ ಬಂಡೆಯ ಮೈಮೇಲೆ ಕಾಣುವ ಉದ್ದುದ್ದ ಗುಲಾಬಿ ಹರಳುಗಳು ಒಂದೇ ದಿಕ್ಕಿಗೆ ಮಲಗಿವೆಯೋ, ಹೇಗೆಂದರೆ ಹಾಗೆ ಚೆಲ್ಲಿವೆಯೋ?

ಪ್ರಕಟ ಆಯಿತು. ಕೆಲಸ ಮುಗಿಯಿತು ಅಂದುಕೊಂಡೆ.

ಉತ್ತರಗಳು ಬರತೊಡಗಿದವು. ‘ದಪ್ಪ ಇದೆ.’ ‘ಹೌದು.’ ಏನು ಹೌದು? ಒಬ್ಬರು, ‘ಒಳ್ಳೇ ನೋಟ, ಮಂಗಗಳಿವೆ, ಥ್ಯಾಂಕ್ಸ್’ ಅಂತ ಬರೆದರು. ಬಹಳ ಜನ ಪಾಠ ಓದದೆ ಸೀದಾ ಪ್ರಶ್ನೆಗೆ ಹಾರುತ್ತಾರೆ. ಅವರಿಗೆ ಬೇಕಿರುವುದು ತಾವು ಆಡಿದ ದೇಶಗಳ ನಕ್ಷೆಯಲ್ಲಿ ಇಂಡಿಯಾಗೂ ಬಣ್ಣ ತುಂಬುವುದು. ಉತ್ತರ ಕಳಿಸಿದವರು ನನ್ನ ಒಪ್ಪಿಗೆಗೆ ಕಾಯಬೇಕಾಗಿಲ್ಲ, ಆಗಲೇ ‘ಕಂಡೆ’ ಅಂತ ದಾಖಲಿಸಬಹುದು. ಸರಿಯಿಲ್ಲ ಅನ್ನಿಸಿದರೆ ಅಳಿಸುವ ಕೆಟ್ಟ ಕೆಲಸ ಮಾಲೀಕನದು. ಮೀಟಿಂಗ್ ಮುಗಿಸಿ, ಬಿಸಿಲಲ್ಲಿ ಟ್ಯಾಕ್ಸಿ ಹಿಡಿದು ಅಷ್ಟು ದೂರ ಬಂದವರ ದಾಖಲೆ ಅಳಿಸೋಕೆ ಮನಸ್ಸು ಬರುತ್ತಾ? ನಾನು ಮೇಷ್ಟ್ರಲ್ಲ. ಆದರೂ ರಾತ್ರಿ ಹನ್ನೊಂದಕ್ಕೆ, ‘ದಯವಿಟ್ಟು ಸೆಂಟಿಮೀಟರಿನಲ್ಲಿ ಹೇಳಿ’ ಅಂತ ಬರೆಯುತ್ತಾ ಕೂತಿರುತ್ತಿದ್ದೆ. ಹೆಂಡತಿ, ‘ಪೇಪರ್ ತಿದ್ದೋದು ಮುಗೀತಾ?’ ಅನ್ನುತ್ತಿದ್ದಳು.

ಆ ಶನಿವಾರಕ್ಕೆ ವಾಪಸ್ ಬರುತ್ತೇನೆ. ಪದರ ಇಲ್ಲದ ಜಾಗ ನೋಡುತ್ತಾ ನಿಂತಿದ್ದೆ. ಕೆಳಗೆ ಚಟ್ಟು ಬಂಡೆಯ ಮೇಲೆ ಒಬ್ಬ ಅಜ್ಜಿ ಹುರುಳಿ ಒಣಗಿ ಹಾಕುತ್ತಿದ್ದರು. ‘ಅಜ್ಜಿ, ಇಲ್ಲೊಂದು ಕಲ್ಲು ಎದ್ದಿತ್ತಲ್ಲ?’ ಅಂದೆ.

‘ಅದು ಓಗಿ ಎಂಟ್ ತಿಂಗ್ಳಾಯ್ತಲ್ಲಪ್ಪ. ಚೆನ್ನಾಗ್ ಎದ್ದಿತ್ತು ಅಂತ ಒಡ್ಕಂಡೋದ್ರು. ನಮ್ಮ ಅಟ್ಟಿ ಮುಂದೂ ಎರಡು ಚಪ್ಪಡಿ ಹಾಕವ್ರೆ ನೋಡು.’

ಅಲ್ಲೇ ಕೂತು ಮೊಬೈಲ್ ತೆಗೆದೆ. ಆ ಎಂಟು ತಿಂಗಳಲ್ಲಿ ಐದು ಜನ ಉತ್ತರ ಕಳಿಸಿದ್ದರು. ಅದರಲ್ಲಿ ಮೂವರ ಉತ್ತರ: 18ರಿಂದ 20 ಸೆಂಟಿಮೀಟರ್. ಒಂದಂತೂ ಪ್ಯಾರಾ ಪ್ಯಾರಾ ಇತ್ತು, ಪದರ ಏಳುವ ಕಾರಣ ನನಗಿಂತ ಚೆನ್ನಾಗಿ ವಿವರಿಸಿತ್ತು. ಇಲ್ಲದ ಕಲ್ಲನ್ನು ಅಳೆದಿದ್ದರು! ಹಿಂದೆ ಬಂದವರಿಂದ ಉತ್ತರ ಇಸಿದುಕೊಂಡರೋ, ಕಂಪ್ಯೂಟರಿನಿಂದ ಬರೆಸಿದರೋ. ನಾನು ಮೂವರಿಗೂ ‘ಥ್ಯಾಂಕ್ಸ್, ಸರಿಯಾಗಿದೆ’ ಅಂತ ಉತ್ತರಿಸಿದ್ದೆ.

ಜಾಸ್ತಿ ಚುಚ್ಚಿದ್ದು ನಾಲ್ಕನೆಯದು. ‘ನೀವು ಹೇಳಿದ ಪದರ ನನಗೆ ಕಾಣಲಿಲ್ಲ. ಒಡೆದ ಗುರುತಿದೆ. ಇದೇ ಜಾಗವಾ?’ ಅಂತ ಒಬ್ಬ ಹುಡುಗಿ ಬರೆದಿದ್ದಳು. ಆಫೀಸಿನಲ್ಲಿದ್ದ ನಾನು ಪೂರ್ತಿ ಓದದೆ, ‘ಸ್ವಲ್ಪ ಎಡಕ್ಕೆ ನೋಡಿ’ ಅಂತ ಕಳಿಸಿದ್ದೆ. ಐದನೆಯದನ್ನು ತೆರೆಯಲೇ ಇಲ್ಲ.

ಸಂಜೆ ಅವಳಿಗೆ ಕ್ಷಮೆ ಕೇಳಿ ಬರೆದೆ. ಆ ಮೂವರ ದಾಖಲೆ ಮಾತ್ರ ಅಳಿಸಲಿಲ್ಲ. ಒಂದೂವರೆ ವರ್ಷ ಆ ಕಡೆ ಕಾಲಿಡದ ಮಾಲೀಕ ಯಾವ ಬಾಯಲ್ಲಿ ಕೇಳೋದು? ಹಳೆಯದನ್ನು ಮುಚ್ಚಿ, ಹೊಸದು ಬರೆದೆ. ಈ ಸಲ ಕಲ್ಲು ಒಡೆಯುವವರನ್ನೂ ಪಾಠಕ್ಕೆ ಸೇರಿಸಿಕೊಂಡೆ. ಎದ್ದ ಪದರವನ್ನು ಅವರು ಗುರುತಿಸುವುದು ಸುತ್ತಿಗೆಯಿಂದ ತಟ್ಟಿ. ಬಿಟ್ಟುಕೊಂಡಿದ್ದರೆ ಟೊಳ್ಳು ಸದ್ದು, ಕಚ್ಚಿಕೊಂಡಿದ್ದರೆ ಗಟ್ಟಿ ಸದ್ದು. ಹಾಗಾಗಿ ಮೊದಲ ಪ್ರಶ್ನೆ ಈಗ, ಎರಡು ಕಡೆ ಕಲ್ಲಿನಿಂದ ತಟ್ಟಿ ವ್ಯತ್ಯಾಸ ಹೇಳಿ ಅಂತ. ಗುಲಾಬಿ ಹರಳಿನ ಪ್ರಶ್ನೆ ಹಾಗೇ ಇದೆ. 2019ರಿಂದ ಮಾಲೀಕರು ಫೋಟೋ ಕೇಳಬಹುದು. ಮುಖ ತೋರಿಸಿ ಅನ್ನುವ ಹಾಗಿಲ್ಲ, ಕೈಯೋ ಟೋಪಿಯೋ ಸಾಕು. ಅದನ್ನೂ ಕೇಳಿದ್ದೇನೆ. ಮೂರು ತಿಂಗಳಿಗೊಮ್ಮೆ ಊರಿಗೆ ಹೋಗಲು ಅಮ್ಮನಿಗೂ ಒಂದು ನೆಪ ಸಿಕ್ಕಿತು.

ಮೊನ್ನೆ ಒಬ್ಬರು ಫೋಟೋ ಕಳಿಸಿದ್ದಾರೆ. ನೀಲಿ ಟೋಪಿ, ಅದರ ಹಿಂದೆ ಬಂಡೆಗೆ ಬಳಿದ ಬಿಳಿ ಕೆಂಪು ಪಟ್ಟೆ, ಮುಂದೆ ಒಂದು ತೆಂಗಿನಕಾಯಿ ಚಿಪ್ಪು. ಹರಳುಗಳು ಅದರಡಿ ಇವೆ. ‘ಯಾವ ಹರಳು?’ ಅಂತ ಕೇಳಿದ್ದಾರೆ. ಸುಣ್ಣ ಕೆಮ್ಮಣ್ಣಾದರೆ ಎರಡು ಮಳೆಗೆ ಹೋಗುತ್ತೆ. ಆಯಿಲ್ ಪೇಂಟ್ ಆದರೆ ಬೇರೆ ಹರಳು ಹುಡುಕಬೇಕು. ಭಾನುವಾರ ಹೋಗಿ ಉಗುರಿನಿಂದ ಕೆರೆದು ನೋಡಬೇಕು, ಪೂಜೆ ಮಾಡಿದವರು ಹತ್ತಿರದಲ್ಲಿ ಇಲ್ಲದ ಹೊತ್ತು ನೋಡಿಕೊಂಡು.